ಹನ್ನೊಂದು ಅಂಕಿ, ಬಾರ್ ಎರಡು

ನನಗೆ ಸಿಟ್ಟು ಬೇಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಕರಣದಲ್ಲಿ ತಪ್ಪು ಹೆಚ್ಚಾಗಿ ನನ್ನದೇ, ಮತ್ತು ಆ ತಪ್ಪಿನಲ್ಲಿ ಅರ್ಧ ಪಾಲು ನನ್ನ ಸಿಟ್ಟಿನದು. ಈಗ ನೆನೆದರೆ ನಗು ಬರುತ್ತದೆ. ಆ ನಾಲ್ಕು ದಿನ ಮಾತ್ರ ನಗು ಹೋಗಲಿ, ಒಂದು ತುತ್ತು ರೊಟ್ಟಿಯೂ ಗಂಟಲಲ್ಲಿ ಇಳಿದಿರಲಿಲ್ಲ.

ನನ್ನ ತವರು ಬನಹಟ್ಟಿ. ಓಣಿಯ ತುಂಬ ಮಗ್ಗಗಳ ಸದ್ದು, ನಮ್ಮ ಮನೆಯಲ್ಲಿ ಮಾತ್ರ ಅಪ್ಪನ ಮಾಸ್ತರಿಕೆ. ನಾನು ಬಿ.ಕಾಂ. ಮುಗಿಸಿದ ವರ್ಷವೇ ಮುಧೋಳದ ಮನೆಗೆ ಕಿರಿಸೊಸೆಯಾಗಿ ಬಂದೆ. ಗಂಡನ ಹಿರಿಯರು ಬೀರಪ್ಪ ದೇವರ ಒಕ್ಕಲು, ತಲೆತಲಾಂತರದಿಂದ ಕುರಿ ಕಾಯ್ದವರು. ಮಾವ ಮಾತ್ರ ಹಿಂಡು ಮಾರಿ ಬಸ್ ಸ್ಟ್ಯಾಂಡಿನ ಹಿಂದೆ ನೀರೆತ್ತುವ ಮೋಟಾರು, ಪೈಪುಗಳ ಅಂಗಡಿ ಹಾಕಿದ್ದರು. ನಾನು ಬರುವ ಹೊತ್ತಿಗೆ ಮಾವ ಇರಲಿಲ್ಲ. ಅಂಗಡಿ ಗಂಡನ ಅಣ್ಣನ ಹೆಸರಿನಲ್ಲಿತ್ತು. ಅವರು ನನಗೆ ಭಾವ. ಇಡೀ ದಿನದಲ್ಲಿ ಹತ್ತು ಮಾತಾಡಿದರೆ ಹೆಚ್ಚು. ಆ ಹತ್ತರಲ್ಲಿ ಎಂಟು ಗಿರಾಕಿಗಳ ಜೊತೆ.

ಆಲಮಟ್ಟಿ ಹಿನ್ನೀರು ಏರುತ್ತ ಬಂದ ಹಾಗೆ ಬೀಳಗಿ ತಾಲೂಕಿನ ಹೊಳೆಸಾಲಿನಲ್ಲಿ ಪೈಪು ಎಳೆಯುವವರು ಹೆಚ್ಚಿದರು. ಗಲಗಲಿ ಕಡೆಯ ರೈತರು ದಂಡೆಯಲ್ಲಿ ಮೋಟಾರು ಕೂರಿಸಿ ಎರಡು ಮೂರು ಕಿಲೋಮೀಟರು ದೂರದ ಹೊಲಕ್ಕೆ ನೀರು ಒಯ್ಯುತ್ತಿದ್ದರು. ಅವರಿಗೆಲ್ಲ ಮುಧೋಳ ದೂರವಾಗುತ್ತದೆಂದು ಬೀಳಗಿಯಲ್ಲಿ ಇನ್ನೊಂದು ಅಂಗಡಿ ತೆಗೆದೆವು. ನನ್ನ ಗಂಡ ಅಲ್ಲಿ ಕೂತರು. ಬಿಲ್ಲು ಬರೆಯುವುದು, ಕಂಪನಿಗಳಿಗೆ ಫೋನು ಮಾಡುವುದು ನನ್ನ ಕೆಲಸವಾಯಿತು.

ವ್ಯಾಟ್ ಬಂದ ವರ್ಷ ಹಳೆಯ ಮಾರಾಟ ತೆರಿಗೆಯ ನಂಬರು ಹೋಗಿ ಭಾವನವರಿಗೆ ಟಿನ್ ಎಂಬ ಹೊಸದೊಂದು ನಂಬರು ಬಂತು. ಹನ್ನೊಂದು ಅಂಕಿ. ಮೊದಲಿನ ಇಪ್ಪತ್ತೊಂಬತ್ತು ಅಂದರೆ ಕರ್ನಾಟಕ. ಉಳಿದ ಒಂಬತ್ತು ಅಂಕಿ ನಮ್ಮ ಅಂಗಡಿಯ ಗುರುತು. ಬಿಲ್ಲಿನ ಮೇಲೆ ಅದಿಲ್ಲದಿದ್ದರೆ ದೊಡ್ಡ ಗಿರಾಕಿ ಮಾಲು ಮುಟ್ಟುವುದಿಲ್ಲ, ಯಾಕೆಂದರೆ ನಮಗೆ ಕೊಟ್ಟ ತೆರಿಗೆಯನ್ನು ಅವನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬೇಕಾದರೆ ನಮ್ಮ ನಂಬರು ತೋರಿಸಲೇಬೇಕು. ಲಾರಿಯವನೂ ಅದನ್ನೇ ಕೇಳುತ್ತಾನೆ, ದಾರಿಯಲ್ಲಿ ತಡೆಯುವ ಅಧಿಕಾರಿಯೂ ಅದನ್ನೇ ಕೇಳುತ್ತಾನೆ. ಭಾವನವರು ಆ ನಂಬರಿನ ಪತ್ರಕ್ಕೆ ಗಾಜು ಹಾಕಿಸಿ, ಬೀರಪ್ಪನ ಫೋಟೋ ಪಕ್ಕದಲ್ಲಿ ತೂಗುಹಾಕಿ, ಮುಂಜಾನೆ ಅಂಗಡಿ ತೆರೆದ ಕೂಡಲೇ ಎರಡಕ್ಕೂ ಭಂಡಾರದ ಅರಿಶಿನ ಹಚ್ಚುತ್ತಿದ್ದರು.

ಪಾಲು ಕೇಳಿದ್ದು ನಾನೇ. ಸುಳ್ಳು ಯಾಕೆ ಹೇಳಲಿ? ಒಂದು ವಾಲ್ವ್ ತರಿಸಬೇಕಾದರೂ ಮುಧೋಳಕ್ಕೆ ಫೋನು ಮಾಡಿ ಭಾವನವರ ‘ಹೂಂ’ಗಾಗಿ ಕಾಯಬೇಕಿತ್ತು. ಆ ‘ಹೂಂ’ ಬರಲು ಎರಡು ದಿನ. ಅಷ್ಟರಲ್ಲಿ ಗಿರಾಕಿ ಬೇರೆ ಅಂಗಡಿಗೆ ಹೋಗಿರುತ್ತಿದ್ದ. ನಾನು ದಿನಾ ಗಂಡನ ತಲೆ ತಿಂದೆ. ಅವರು ಅಣ್ಣನೆದುರು ಬಾಯಿ ಬಿಡುವವರಲ್ಲ. ಕೊನೆಗೆ ಒಂದು ಅಮಾವಾಸ್ಯೆ ಪೂಜೆಗೆ ಮುಧೋಳಕ್ಕೆ ಹೋದಾಗ ನಾನೇ ಬಾಯಿ ಬಿಟ್ಟೆ. ಭಾವ ಹಿರಿಯರನ್ನು ಕರೆಸಿದರು.

ಹಿರಿಯರ ಪೈಕಿ ಒಬ್ಬರು ನಿವೃತ್ತ ತಲಾಟಿ, ಜೀವಮಾನವಿಡೀ ಹೊಲಗಳ ಪಹಣಿ ಉತಾರ ಬರೆದವರು. ಮನೆ, ಹೊಲ, ಗೋದಾಮಿನ ಮಾಲು ಎಲ್ಲ ಜಗಳವಿಲ್ಲದೆ ಬಗೆಹರಿದವು. ಮುಧೋಳದ ಅಂಗಡಿ ಅಣ್ಣನಿಗೆ, ಬೀಳಗಿಯದು ತಮ್ಮನಿಗೆ. ಆಗ ಭಾವ ಗೋಡೆಯ ಮೇಲಿನ ಗಾಜಿನ ಪತ್ರ ನೋಡಿ ಕೇಳಿದರು:

“ನಂಬರ ಒಂದ ಐತಲ್ರೀ. ಅದನ್ನ ಯಾರಿಗಿ ಕೊಡೂದು?”

ತಲಾಟಿಯವರು ನಕ್ಕೇಬಿಟ್ಟರು. “ಅದಕ್ಯಾಕ ತಲಿ ಕೆಡಿಸ್ಕೋತೀಯೋ? ಹೊಲದ ಸರ್ವೇ ನಂಬರ ಒಂದ ಇರತೈತಿ. ಅಣ್ಣತಮ್ಮರು ಬ್ಯಾರೆ ಆದ್ರ ಏನ್ ಮಾಡತೀವಿ? ಬಾರ್ ಒಂದು, ಬಾರ್ ಎರಡು. ಹಿಸ್ಸಾ ಬೀಳತೈತಿ. ಅದೂ ಸರಕಾರದ ನಂಬರ, ಇದೂ ಸರಕಾರದ ನಂಬರ. ದೊಡ್ಡಾಂವಗ ಬಾರ್ ಒಂದು, ಸಣ್ಣಾಂವಗ ಬಾರ್ ಎರಡು. ಬರಿ, ಆತು!”

ಎಲ್ಲರೂ ತಲೆಯಾಡಿಸಿದರು. ನಮ್ಮ ಮಂದಿಗೆ ನಂಬರು ಅಂದರೆ ಹೊಲದ ನಂಬರೇ. ಅದು ಒಡೆಯುತ್ತದೆ, ಮಕ್ಕಳಿಗೆ ಹೋಗುತ್ತದೆ, ಮೊಮ್ಮಕ್ಕಳ ಕಾಲಕ್ಕೆ ಮತ್ತೆ ಒಡೆಯುತ್ತದೆ. ನಾನು ಬಿ.ಕಾಂ. ಓದಿದವಳು, ನನಗೆ ಒಂದು ಗಳಿಗೆ ಅನುಮಾನ ಬಂತು. ಇದು ಹಾಗೆ ಒಡೆಯುವಂಥದ್ದಲ್ಲವಲ್ಲ ಅನ್ನಿಸಿತು. ಆದರೆ ಬಾಯಿ ಬಿಟ್ಟರೆ ಪಾಲು ಇನ್ನೊಂದು ತಿಂಗಳು ಮುಂದೆ ಹೋಗುತ್ತದಲ್ಲ! ಎಲ್ಲ ಕಡೆಯೂ ಮೂಗು ತೂರಿಸುವ ನಾನು ಮಾತಾಡಲೇಬೇಕಾದ ಆ ಒಂದು ಸಲ ಗಪ್‌ಚಿಪ್ ಕೂತೆ. ಛಾಪಾ ಕಾಗದದ ಮೇಲೆ ಹನ್ನೊಂದು ಅಂಕಿ ಬರೆದು, ಮುಂದೆ ಓರೆ ಗೆರೆ ಎಳೆದು, ಒಂದು, ಎರಡು ಎಂದು ಬರೆದರು. ಬೀರಪ್ಪನ ಹೆಸರಿನಲ್ಲಿ ಇಬ್ಬರ ಹಣೆಗೂ ಭಂಡಾರ ಹಚ್ಚಿದರು. ಜಮಖಂಡಿಯ ಪ್ರೆಸ್ಸಿನವರು ಏನೂ ಕೇಳದೆ ಬಿಲ್ ಬುಕ್ಕುಗಳನ್ನು ಹಾಗೆಯೇ ಅಚ್ಚು ಹಾಕಿಕೊಟ್ಟರು. ನಮ್ಮದರ ಮೇಲೆ ‘ಬಾರ್ ಎರಡು’ ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಖುಷಿ ಒಂದು ತಿಂಗಳೂ ಬಾಳಲಿಲ್ಲ. ನಂಬರು ಹಾಳೆಯ ಮೇಲೆ ಒಡೆದಿತ್ತು, ತೆರಿಗೆ ಕಚೇರಿಯ ಪುಸ್ತಕದಲ್ಲಿ ಅದು ಒಂದೇ. ಪ್ರತಿ ತಿಂಗಳು ಇಪ್ಪತ್ತರೊಳಗೆ ಭಾವನವರ ಹೆಸರಿನಲ್ಲಿ ಒಂದೇ ರಿಟರ್ನ್ ಹೋಗಬೇಕು, ಅದರಲ್ಲಿ ಎರಡೂ ಅಂಗಡಿಯ ವ್ಯಾಪಾರ ಸೇರಿರಬೇಕು. ಹೀಗಾಗಿ ಹದಿನೆಂಟನೇ ತಾರೀಖು ಬಂತೆಂದರೆ ನಾನು ಬಿಲ್ ಬುಕ್ಕು ಕಟ್ಟಿಕೊಂಡು ಮುಧೋಳದ ಬಸ್ಸು ಹತ್ತುತ್ತಿದ್ದೆ. ಬೇರೆಯಾದ ಮೇಲೆ ಮೊದಲಿಗಿಂತ ಹೆಚ್ಚು ಸಲ ಅವರ ಮುಖ ನೋಡಬೇಕಾಯಿತು. ಭಾವ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವುತ್ತಿದ್ದರು.

“ತಂಗೀ, ಇಲ್ಲಿ ತಾರೀಖ ತಪ್ಪೈತಿ ನೋಡವಾ.”

“ಒಂದ ತಾರೀಖ ತಪ್ಪಿದ್ರ ಆಕಾಶ ಬೀಳತೈತೇನ್ರೀ?” ಎಂದು ನಾನು.

ಅವರು ಕೆಂಪು ಪೆನ್ನು ತೆಗೆಯುತ್ತಿದ್ದರು. ತಾವೇ ತಿದ್ದಿ ಸಹಿ ಹಾಕುತ್ತಿದ್ದರು. ಅಕ್ಕ, ಅಂದರೆ ಭಾವನವರ ಹೆಂಡತಿ, ಚಹಾ ತಂದಿಟ್ಟ ಕೂಡಲೇ ಒಳಗೆ ಹೋಗುತ್ತಿದ್ದರು. ತಿಂಗಳಿಗೊಂದು ಸಲ ಹೀಗೆ ಮುಖ ಸಿಂಡರಿಸಿಕೊಂಡು ಕೂಡುವುದು, ಮನೆಗೆ ಬಂದು ಗಂಡನ ಮೇಲೆ ಹರಿಹಾಯುವುದು. ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

ಆಮೇಲೆ ಎಲ್ಲವೂ ಕಂಪ್ಯೂಟರಿಗೆ ಬಂತು. ದೊಡ್ಡ ಮಾಲು ತರಿಸಬೇಕಾದರೆ ಲಾರಿ ಹೊರಡುವ ಮೊದಲೇ ವಿವರ ತುಂಬಿ, ಅಲ್ಲಿಂದ ಬರುವ ಇನ್ನೊಂದು ನಂಬರನ್ನು ಲಾರಿಯವನಿಗೆ ಕೊಡಬೇಕು. ಬೇಸಿಗೆ ಶುರುವಾಗಿತ್ತು, ಗಲಗಲಿಯ ನಾಲ್ಕೈದು ಮಂದಿ ಪೈಪಿಗೆ ಕಾದಿದ್ದರು. ಸಾಂಗ್ಲಿಯಲ್ಲಿ ಲಾರಿ ತುಂಬಿ ನಿಂತಿತ್ತು. ನಾನು ಬೀಳಗಿಯ ಇಂಟರ್ನೆಟ್ ಸೆಂಟರಿಗೆ ಓಡಿದೆ. ಭಾವನವರ ಪಾಸ್‌ವರ್ಡು ನನ್ನ ಹತ್ತಿರವೂ ಇತ್ತು. ನಂಬರಿನ ಚೌಕದಲ್ಲಿ ಹನ್ನೊಂದು ಅಂಕಿ ಹೊಡೆದು ಮುಂದೆ ಓರೆ ಗೆರೆ ಹಾಕಲು ಹೋದರೆ ಅಲ್ಲಿ ಜಾಗವೇ ಇಲ್ಲ! ಹನ್ನೊಂದಕ್ಕೆ ಸರಿಯಾಗಿ ಚೌಕ ಮುಗಿದುಹೋಗಿತ್ತು. ಮೂರು ಸಲ ಒತ್ತಿದೆ.

“ಮೇಡಂ, ಬಾರ್ ಗೀರ್ ತಗೋಳಂಗಿಲ್ರೀ ಅದು,” ಅಂದ ಸೆಂಟರಿನವ.

ಬಿಡು ಅತ್ಲಾಗೆ ಎಂದು ಬರೀ ಹನ್ನೊಂದು ಅಂಕಿ ಕೊಟ್ಟೆ. ಕೆಳಗೆ ತಾನಾಗಿಯೇ ಮುಧೋಳದ ವಿಳಾಸ ಬಂತು. ಬೀಳಗಿ ಅಂಗಡಿಯ ಹೆಸರೇ ಗೋಡೆಯ ಆ ಗಾಜಿನ ಪತ್ರದಲ್ಲಿರಲಿಲ್ಲ. ಸೇರಿಸಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ವಿಳಾಸ ಕಣ್ಣಿಗೆ ಬಿತ್ತು. ಭಾವನವರಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಮತ್ತೆ ಆ ‘ಹೂಂ’ಗಾಗಿ ಯಾರು ಕಾಯಬೇಕು ಅನ್ನುವ ಗರ್ವ.

ಮರುದಿನ ಜಮಖಂಡಿ ದಾಟಿ ಬೀಳಗಿ ರಸ್ತೆಯಲ್ಲಿ ಲಾರಿಯನ್ನು ತಡೆದರು. ಕಾಗದದಲ್ಲಿ ಮುಧೋಳ, ಲಾರಿ ಹೊರಟಿದ್ದು ಬೀಳಗಿಗೆ. ಡ್ರೈವರ್ ಹತ್ತಿರವಿದ್ದ, ನಾವು ಸಾಂಗ್ಲಿಗೆ ಕಳಿಸಿದ್ದ ಆರ್ಡರ್ ಚೀಟಿಯ ಮೇಲೆ ಸರಕಾರ ಎಂದೂ ಕೊಡದ ಒಂದು ನಂಬರು, ಬಾರ್ ಎರಡು. ಮಾಲು ಅಲ್ಲೇ ನಿಂತಿತು. ನೋಟೀಸು ಹೋದದ್ದು ನಮಗಲ್ಲ, ನಂಬರಿನ ಒಡೆಯರಿಗೆ, ಮುಧೋಳಕ್ಕೆ. ನಾಲ್ಕು ದಿನದೊಳಗೆ ಎಲ್ಲ ಕಾಗದ ತೆಗೆದುಕೊಂಡು ಜಮಖಂಡಿಯ ಕಚೇರಿಗೆ ಹಾಜರಾಗಬೇಕು, ತೆರಿಗೆ ತಪ್ಪಿಸುವ ಉದ್ದೇಶ ಕಂಡರೆ ಕ್ರಮ ಜರುಗಿಸಲಾಗುವುದು ಎಂದಿತ್ತು.

ಪಕ್ಕದ ಅಂಗಡಿಯವರು ಧೈರ್ಯ ಹೇಳಲು ಬಂದವರು, “ಸುಳ್ಳ ನಂಬರ ಅಂದ್ರ ಜೇಲ ಅಂತಾರ್ರೀ, ಖರೆ ಸುಳ್ಳೋ ಗೊತ್ತಿಲ್ಲ” ಎಂದು ಹೇಳಿ ಹೋದರು. ಭಾವನವರಿಗೆ ಬಿ.ಪಿ. ಗುಳಿಗೆ ನಡೆದಿತ್ತು. ಎಂದೂ ಯಾರ ಮನೆ ಬಾಗಿಲಲ್ಲೂ ಕೈಕಟ್ಟಿ ನಿಂತವರಲ್ಲ. ನನ್ನ ಆತುರಕ್ಕೆ, ನನ್ನ ಗರ್ವಕ್ಕೆ ಆ ಮನುಷ್ಯ ಪೊಲೀಸರ ಹಿಂದೆ ನಡೆಯಬೇಕೇ? ನಾನು ಫೋನು ಮಾಡಿದೆ. ಬೈಯಲಿ, ಬಾಯಿಗೆ ಬಂದಂತೆ ಬೈಯಲಿ ಎಂದು ಕಾದೆ.

“ಭಾವಾರ, ತಪ್ಪ ನಂದ್ರೀ. ನಾನ ತುಂಬೇನ್ರೀ ಕಂಪ್ಯೂಟರದಾಗ.”

“ಹೂಂ,” ಅಂದರು. “ಎಲ್ಲಾ ಬಿಲ್ ಬುಕ್ ತಗೊಂಡ ಬರ್ರಿ. ಜಮಖಂಡಿ ಬಸ್ ಸ್ಟ್ಯಾಂಡದಾಗ ಇರತೇನಿ. ಉಣ್ಣೂದ ಬಿಡಬ್ಯಾಡ್ರಿ ಮತ್ತ.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಫೋನು ಇಟ್ಟು ಗಂಡನ ಮೇಲೆ ಕೂಗಾಡಿದೆ, ಕೂಗಾಡಿ ಅತ್ತೆ.

ನಾವು ಮೂವರೂ ಹೋದ ಕಚೇರಿಯಲ್ಲಿ ಅಧಿಕಾರಿ ಒಬ್ಬ ಹೆಂಗಸು, ಮೈಸೂರು ಕಡೆಯವರು. ಭಾವ ತಾವು ತಂದಿದ್ದ ಫೈಲನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಅಧಿಕಾರಿ ನಮ್ಮ ಎರಡೂ ಬಿಲ್ ಬುಕ್ಕು ಅಕ್ಕಪಕ್ಕ ಇಟ್ಟುಕೊಂಡು ಕೇಳಿದರು:

“ಏನಿದು? ಟಿನ್ ನಂಬರ್ ಮುಂದೆ ಇದೇನು ಗೆರೆ? ಯಾರು ಕೊಟ್ರು ನಿಮಗೆ ಇದನ್ನ?”

“ಹಿಸ್ಸಾ ರೀ,” ಅಂದರು ಭಾವ.

“ಏನು?”

“ಪಾಲಾದ್ವಿ ರೀ. ನಾ ಬಾರ್ ಒಂದು, ತಮ್ಮ ಬಾರ್ ಎರಡು. ಹಿರ್ಯಾರ ಮಾಡಿಕೊಟ್ರು.”

ಅಧಿಕಾರಿಗೆ ಏನೂ ತಿಳಿಯಲಿಲ್ಲ. ಪಕ್ಕದ ಮೇಜಿನ ಗುಮಾಸ್ತರು ನಮ್ಮ ಸೀಮೆಯವರೇ. ಅವರು ಮುಖ ಕೆಂಪಗೆ ಮಾಡಿಕೊಂಡು ನಗು ತಡೆಯುತ್ತಿದ್ದರು. “ಮೇಡಂ, ಹೊಲದ ಸರ್ವೇ ನಂಬರ ಒಡದಂಗ ಒಡದಾರ್ರೀ ಇವ್ರು,” ಎಂದರು. ಅಷ್ಟೇ, ಆಮೇಲೆ ಅವರ ಕೈಲಿ ತಡೆಯಲಾಗಲಿಲ್ಲ, ಹೋ ಎಂದು ನಕ್ಕರು. ಅಧಿಕಾರಿಗೂ ನಗು ಬಂತು. ಭಾವ ಮಾತ್ರ ಎದೆಗೊತ್ತಿದ ಫೈಲು ಬಿಡದೆ ಹಾಗೇ ನಿಂತಿದ್ದರು.

ಆಮೇಲೆ ಒಂದು ತಾಸು ಅಧಿಕಾರಿ ನಗಲಿಲ್ಲ. ಎರಡು ವರ್ಷದ ರಿಟರ್ನುಗಳನ್ನು ಕಂಪ್ಯೂಟರಿನಲ್ಲಿ ತೆಗೆದು, ನಮ್ಮ ಬಿಲ್ಲುಗಳ ಜೊತೆ ಒಂದೊಂದೇ ತಾಳೆ ನೋಡಿದರು. ಅಲ್ಲಿ ನನ್ನ ಅಕ್ಷರದ ಮೇಲೆ ಭಾವನವರ ಕೆಂಪು ಶಾಯಿಯ ತಿದ್ದುಪಡಿಗಳು. ಒಂದು ಬಿಲ್ಲೂ ಬಿಟ್ಟುಹೋಗಿರಲಿಲ್ಲ. ಬಾರ್ ಒಂದರದ್ದೂ ಬಾರ್ ಎರಡರದ್ದೂ ಎಲ್ಲವೂ ಆ ಒಂದೇ ನಂಬರಿನ ಲೆಕ್ಕಕ್ಕೆ ಸೇರಿತ್ತು. ಕೊನೆಗೆ ಅವರು ಕನ್ನಡಕ ತೆಗೆದರು.

“ತೆರಿಗೆ ತಪ್ಪಿಸಿಲ್ಲ ನೀವು. ಕೇಸು ಗೀಸು ಏನೂ ಇಲ್ಲ. ವಿಳಾಸ ತಪ್ಪು ಕೊಟ್ಟಿದ್ದಕ್ಕೆ ಸಣ್ಣದೊಂದು ದಂಡ ಇದೆ, ಕಟ್ಟಿ ಮಾಲು ಬಿಡಿಸಿಕೊಂಡು ಹೋಗಿ.”

ಹೋದ ಜೀವ ಬಂತು. ನನ್ನ ಗಂಡ ಅಲ್ಲೇ ಇದ್ದ ಬೆಂಚಿನ ಮೇಲೆ ಕುಸಿದು ಕೂತರು. ನಾನು ಮನಸ್ಸಿನಲ್ಲೇ ಬೀರಪ್ಪನಿಗೆ ಕೈ ಮುಗಿದೆ.

“ಆದ್ರೆ ಒಂದು ತಿಳ್ಕೊಳಿ,” ಎಂದರು ಅಧಿಕಾರಿ. “ಇದು ಹೊಲದ ನಂಬರಲ್ಲ, ವ್ಯಾಪಾರ ಮಾಡೋರ ನಂಬರು. ನೀವಿಬ್ಬರೂ ಒಂದೇ ಆದ್ರೆ ಹತ್ತು ಅಂಗಡಿ ಇಡಿ, ಹತ್ತಕ್ಕೂ ಇದೇ ನಂಬರು ಸಾಕು, ವಿಳಾಸ ಸೇರಿಸ್ತೀವಿ. ಬೇರೆ ಆದ್ರೆ ತಮ್ಮನ ಪ್ಯಾನ್ ಕಾರ್ಡ್ ಕೊಡಿ, ಅವರ ಹೆಸರಿಗೆ ಹೊಸದೇ ನಂಬರು ಬರುತ್ತೆ. ಅವರ ಲೆಕ್ಕಕ್ಕೆ ಅವರು, ನಿಮ್ಮ ಲೆಕ್ಕಕ್ಕೆ ನೀವು. ಹೇಳಿ, ಒಂದೋ ಬೇರೆಯೋ?”

ಗಂಡ ನೆಲ ನೋಡಿದರು. ಅಣ್ಣನ ಎದುರು ಬೇರೆ ಅನ್ನಲು ಅವರಿಗೆ ನಾಲಿಗೆ ಏಳದು. ಪಾಲು ಕೇಳಿದ ನನಗೂ ಆಗ ಏಳಲಿಲ್ಲ. ಈ ನಾಲ್ಕು ದಿನದಲ್ಲಿ ಒಂದು ಮಾತೂ ಬೈಯದ ಮನುಷ್ಯನ ಮುಂದೆ ಯಾವ ಬಾಯಿಂದ ಹೇಳಲಿ? ಇನ್ನು ಮೇಲೆ ಒಂದೇ ಇರೋಣ ಎಂದು ಹೇಳಬೇಕೆಂದೂ ಅನ್ನಿಸಿತ್ತು. ಅಷ್ಟರಲ್ಲಿ ಭಾವ ಅಂದರು:

“ಬ್ಯಾರೆ ರೀ. ಬ್ಯಾರೆ ಬರಕೊಳ್ರಿ.”

ಎಷ್ಟು ಚುರುಕಾಗಿ! ಎರಡು ದಿನಕ್ಕೊಂದು ‘ಹೂಂ’ ಅನ್ನುವವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದರು. ನನಗೆ ಚುರ್ ಎಂದಿತು. ಬೇಕೆಂದದ್ದೇ ಸಿಕ್ಕಿತ್ತು, ಆದರೂ ಯಾರೋ ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ನಮ್ಮಿಂದ ಇಷ್ಟು ಬೇಸತ್ತಿದ್ದರೇ ಇವರು?

ದಂಡ ಕಟ್ಟಿ, ಲಾರಿ ಬಿಡಿಸಿ, ಹೊಸ ನಂಬರಿನ ಅರ್ಜಿ ಫಾರಂ ತೆಗೆದುಕೊಂಡು ಹೊರಗೆ ಬಂದೆವು. ಎದುರಿಗೇ ಒಂದು ಖಾನಾವಳಿ. ಭಾವ ಚುರುಮುರಿ ಸೂಸಲಾ, ಮಿರ್ಚಿ ಹೇಳಿದರು. ಎಂದೂ ಹೊರಗೆ ತಿನ್ನದವರು ಒಂದು ಪ್ಲೇಟು ಮುಗಿಸಿ ಇನ್ನೊಂದಕ್ಕೆ ಕೈಯೆತ್ತಿದರು. ಮುಖದಲ್ಲಿ ಎಷ್ಟೋ ವರ್ಷ ಕಾಣದ ಕಳೆ. ನನಗೆ ಅದನ್ನು ನೋಡಿ ಇನ್ನಷ್ಟು ಉರಿಯಿತು.

“ಫಾರಂ ಮಡಚಬ್ಯಾಡವಾ, ಇದರಾಗ ಇಡು,” ಎಂದು ತಮ್ಮ ಫೈಲನ್ನು ನನ್ನ ಕಡೆ ದೂಡಿದರು. ತೆರೆದರೆ ಎಲ್ಲಕ್ಕಿಂತ ಮೇಲೆ ಒಂದು ಬಿಳಿ ಹಾಳೆ, ಭಾವನವರ ದುಂಡು ಅಕ್ಷರ, ಕೆಳಗೆ ಸಹಿ. ಕಣ್ಣು ಹಾಗೇ ಹರಿಯಿತು. ‘ಬೀಳಗಿಯ ಅಂಗಡಿಯೂ ನನ್ನದೇ. ನನ್ನ ತಮ್ಮ ಅಲ್ಲಿ ಸಂಬಳಕ್ಕೆ ಇರುವ ಆಳು.’

ಮೈಯೆಲ್ಲ ಬೆಂಕಿಯಾಯಿತು. “ಆಳ? ನನ್ನ ಗಂಡ ಆಳೇನ್ರೀ ನಿಮಗ?” ಎಂದು ನಾನು ಕೂಗಿದ್ದಕ್ಕೆ ಖಾನಾವಳಿಯವರೆಲ್ಲ ತಿರುಗಿ ನೋಡಿದರು. “ಅಂಗಡಿನೂ ನಿಮ್ಮದ? ಹಿರ್ಯಾರ ಮುಂದ ಭಂಡಾರ ಮುಟ್ಟಿ ಕೊಟ್ಟದ್ದು ಸುಳ್ಳೇನ್ರೀ?”

ಗಂಡ ನನ್ನ ಕೈಯಿಂದ ಹಾಳೆ ಕಸಿದುಕೊಂಡರು. ನಾನು ಓದಿದ್ದು ಎರಡು ಸಾಲು. ಅವರು ಪೂರ್ತಿ ಓದಿದರು. ಆಮೇಲೆ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ, ಉಳಿದದ್ದನ್ನು ಓದಿ ಹೇಳಿದರು. ‘ಬಿಲ್ ಬುಕ್ಕು ಮಾಡಿಸಿದವನು ನಾನು. ಕಂಪ್ಯೂಟರಿನಲ್ಲಿ ತಪ್ಪು ತುಂಬಿದವನೂ ನಾನು. ತಮ್ಮನಿಗಾಗಲಿ ಅವನ ಹೆಂಡತಿಗಾಗಲಿ ಇದರಲ್ಲಿ ಯಾವ ಸಂಬಂಧವೂ ಇಲ್ಲ. ಏನು ಶಿಕ್ಷೆಯಾದರೂ ನನಗೊಬ್ಬನಿಗೇ ಆಗತಕ್ಕದ್ದು.’

ಭಾವ ಮಿರ್ಚಿಯ ತೊಟ್ಟನ್ನು ಪ್ಲೇಟಿನ ಅಂಚಿಗೆ ಸರಿಸಿದರು.

“ಬ್ಯಾರೆ ಅಂದ್ರ ಇಬ್ಬರ ಮ್ಯಾಲೂ ಕೇಸ ಆಕ್ಕಿತ್ತವಾ,” ಎಂದರು. “ಒಂದ ಅಂದ್ರ ಒಬ್ಬನ ಮ್ಯಾಲ. ಅದಕ್ಕ ಮುಂಜಾನಿ ಇದನ್ನ ಬರದು ಮನಿ ಬಿಡೂ ಮುಂದ ಒಂದ ಇದ್ವಿ. ಕಚೇರ್ಯಾಗ ಕೇಳಿದ ಕೂಡ್ಲೆ ಮಾತ್ರ ಬಾಯಿಗಿ ಖರೇನ ಬಂತು. ಈಗ ಕೇಸ ಇಲ್ಲ ಅಂದ್ರಲ್ಲ, ಅಂಜಿಕಿ ಹೋತು. ಇನ್ನ ಅರಾಮ ಬ್ಯಾರೆ ಇರೂಣು.”

ಇಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. ಆ ಖಾನಾವಳಿಯ ಮಂದಿಯ ನಡುವೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮನಸ್ಸು ಹಗುರಾಗುವ ತನಕ ಅತ್ತೆ. ಭಾವ ನನಗೊಂದು ಚಹಾ ಹೇಳಿದರು.